ಬೆಳಗ್ಗೆ ಹೆಲ್ಸಿಂಕಿ, ಮಧ್ಯಾಹ್ನ ಟ್ಯಾಲಿನ್, ರಾತ್ರಿ ಮಲಗೋಕೆ ಮನೆಗೆ

ಅಪ್ಪ ಅಮ್ಮ ಸಾಗರದಿಂದ ಬಂದು ಮೂರು ವಾರ ಆಗಿತ್ತು. ನಾನಿರುವ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ತೋರಿಸುವುದೆಲ್ಲ ಮುಗಿದು, ಅಪ್ಪ ಬಾಲ್ಕನಿಯಲ್ಲಿ ಕೂತು ಎದುರಿನ ಕಾರುಗಳನ್ನು ಎಣಿಸುವ ಹಂತಕ್ಕೆ ಬಂದಿದ್ದರು. "ಇನ್ನೊಂದು ದೇಶ ನೋಡ್ಕೊಂಡು ರಾತ್ರಿ ವಾಪಸ್ ಬರೋಣ್ವಾ?" ಅಂದೆ. ಅಮ್ಮ ನಂಬಲಿಲ್ಲ.

ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ ಇಲ್ಲಿಂದ ಸಮುದ್ರದ ಮೇಲೆ ಸುಮಾರು 80 ಕಿಲೋಮೀಟರ್. ಹಡಗಿನಲ್ಲಿ ಹೋದರೆ ಎರಡು ಗಂಟೆಯಿಂದ ಎರಡೂವರೆ ಗಂಟೆ. ವೀಸಾ ಏನ್ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ಎರಡೂ ಷೆಂಗೆನ್ ದೇಶಗಳೇ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನವು. ಫಿನ್ಲೆಂಡ್ ಕೊಟ್ಟ ಷೆಂಗೆನ್ ವೀಸಾ ಸಾಕು. ಸಿಂಗಲ್ ಎಂಟ್ರಿ ಇದ್ದರೂ ಚಿಂತೆಯಿಲ್ಲ, ಷೆಂಗೆನ್ ದಾಟಿ ಆಚೆ ಹೋಗುವುದೇ ಇಲ್ಲವಲ್ಲ. ಪಾಸ್‌ಪೋರ್ಟ್ ಮಾತ್ರ ಒರಿಜಿನಲ್ ಇರಲಿ, ಝೆರಾಕ್ಸ್ ಅಲ್ಲ. ಎಸ್ಟೋನಿಯಾದಲ್ಲಿ 2011ರಿಂದ ಯೂರೋನೇ ನಡೆಯುತ್ತೆ. ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ.

ಹೋಗೋಕೆ ಒಂದು ಕಂಪನಿಯ ಹಡಗು, ಬರೋಕೆ ಇನ್ನೊಂದರದು ಬುಕ್ ಮಾಡಿದೆ. ಸಮಯ ಹೊಂದಿತು, ದುಡ್ಡೂ ಉಳಿಯಿತು. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ.

ಹೋಗುವಾಗ ಕಟಾಯನೊಕ್ಕ ಬಂದರಿನಿಂದ ಹೊರಟೆವು. ಬೇಕಂತಲೇ ಆರಿಸಿದ್ದು. ಅಲ್ಲಿಂದ ಹೊರಡುವ ಹಡಗು ಸುವೊಮೆನ್‌ಲಿನ್ನ ಕೋಟೆಯ ಪಕ್ಕ ನೂರು ಮೀಟರೂ ಅಗಲವಿಲ್ಲದ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಕೋಟೆಯ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತವರು ಕೈ ಬೀಸುತ್ತಾರೆ. ಅಮ್ಮ ಎರಡೂ ಕೈ ಎತ್ತಿ ಬೀಸಿದರು. ಅಪ್ಪನ ಗಮನವೆಲ್ಲ ಅದಕ್ಕೂ ಮುಂಚೆ, ಲಾರಿಗಳು ಸಾಲಾಗಿ ಹಡಗಿನ ಹೊಟ್ಟೆಗೆ ಹೋಗುವುದರ ಮೇಲಿತ್ತು. "ನಮ್ಮ ಸಿಗಂದೂರು ಲಾಂಚ್ ಥರಾನೇ ಕಣೋ. ಬಸ್ಸು ಸಮೇತ ಹತ್ತೋದು" ಅಂದರು. ಅಲ್ಲಿ ಈಗ ಸೇತುವೆ ಆಗಿದೆ. ಇವರಿಗೆ ಮಾತ್ರ ಲಾಂಚಿನ ಮೋಹ ಬಿಟ್ಟಿಲ್ಲ.

ಡೆಕ್ ಮೇಲೆ ಗಾಳಿ ಜೋರು. ಜೂನ್ ತಿಂಗಳಲ್ಲೂ ಸ್ವೆಟರ್ ಬೇಕೇ ಬೇಕು. ಚಪಾತಿ, ಆಲೂಗಡ್ಡೆ ಪಲ್ಯ, ಚಟ್ನಿಪುಡಿ ಎಲ್ಲ ಅಲ್ಲೇ ಬೆಂಚಿನ ಮೇಲೆ ಬಿಚ್ಚಿದೆವು. ಕಡಲ ಹಕ್ಕಿಯೊಂದು ಅಪ್ಪನ ಚಪಾತಿಯನ್ನೇ ದಿಟ್ಟಿಸುತ್ತಾ ಕಂಬಿ ಮೇಲೆ ಕೂತಿತ್ತು.

ಟ್ಯಾಲಿನ್ ಬಂದರಿನಿಂದ ಹಳೇ ಪೇಟೆಗೆ ನಡೆದೇ ಹೋಗಬಹುದು. ದಪ್ಪ ಮಾರ್ಗರೇಟ್ ಅಂತ ಒಂದು ಗುಂಡು ಬುರುಜು ಇದೆ. ಅದರ ಪಕ್ಕದ ಬಾಗಿಲಿನಿಂದ ಒಳಗೆ ಹೋದರೆ ಪಿಕ್ ಬೀದಿ. ಬುರುಜಿನ ಹತ್ತಿರವೇ, 1994ರ ಸೆಪ್ಟೆಂಬರಿನಲ್ಲಿ ಮುಳುಗಿದ 'ಎಸ್ಟೋನಿಯಾ' ಹಡಗಿನ ಸ್ಮಾರಕವಿದೆ. 852 ಜನ ಸತ್ತರು. ಆಗತಾನೇ ಹಡಗಿಂದ ಇಳಿದ ಅಮ್ಮನಿಗೆ ಅದನ್ನು ಹೇಳಲಿಲ್ಲ. ರಾತ್ರಿ ಮನೆಗೆ ಬಂದಮೇಲೆ ಹೇಳಿದೆ.

ಊರೆಲ್ಲ ಗುಂಡುಕಲ್ಲು ಹಾಸಿದ ರಸ್ತೆ. ಅಮ್ಮನಿಗೆ ಮಂಡಿನೋವು. ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಸಿಕೊಂಡು ಬಂದಿದ್ದು ಪುಣ್ಯ. ತೂಂಪಿಯಾ ಗುಡ್ಡಕ್ಕೆ ಹೋಗೋಕೆ ಎರಡು ದಾರಿ, ಹೆಸರು ಉದ್ದ ಕಾಲು, ಗಿಡ್ಡ ಕಾಲು. ಒಂದು ಕಾಲು ಉದ್ದ ಇರೋದಕ್ಕೇ ಈ ಊರು ಕುಂಟುತ್ತೆ ಅಂತ ಅಲ್ಲಿನವರೇ ತಮಾಷೆ ಮಾಡುತ್ತಾರೆ. ಗಿಡ್ಡ ಕಾಲಿನಲ್ಲಿ ಮೆಟ್ಟಿಲುಗಳಿವೆ. ವಯಸ್ಸಾದವರಿದ್ದರೆ ಉದ್ದ ಕಾಲೇ ಹಿಡಿಯಿರಿ, ನಿಧಾನಕ್ಕೆ ಏರುವ ದಾರಿ. ಮೇಲಿನ ಕೊಹ್ತುಓತ್ಸ ಕಟ್ಟೆಯಿಂದ ಕೆಂಪು ಹೆಂಚಿನ ಮಾಡುಗಳು ಕಂಡಿದ್ದೇ ಅಮ್ಮ, "ಅಯ್ಯೋ, ನಮ್ಮ ಮಂಗಳೂರು ಹೆಂಚು!" ಅಂದರು. ಅಲ್ಲ ಅಂತ ಹೇಳೋಕೆ ಹೋಗಲಿಲ್ಲ.

ಚೌಕದ ಹತ್ತಿರ ಒಬ್ಬಾಕೆ ಚಕ್ಕೆ ಸಕ್ಕರೆ ಹಾಕಿ ಹುರಿದ ಬಾದಾಮಿ ಮಾರುತ್ತಿದ್ದಳು. ನನಗೆ ಗೊತ್ತಿರುವ ಹರಕು ಫಿನ್ನಿಷ್‌ನಲ್ಲಿ 'ಹಲ್ಪ' ಅಂದೆ, ಅಂದರೆ ಅಗ್ಗ. ಅವಳು ಬಿದ್ದು ಬಿದ್ದು ನಕ್ಕಳು. ಎಸ್ಟೋನಿಯನ್‌ನಲ್ಲಿ 'ಹಲ್ಬ್' ಅಂದರೆ ಕೆಟ್ಟದ್ದು. ಎರಡೂ ಕನ್ನಡ ತಮಿಳಿನ ಹಾಗೆ ಅಕ್ಕತಂಗಿ ಭಾಷೆಗಳು. ಒಂದು, ಎರಡು, ಮೂರಕ್ಕೆ ಫಿನ್ನಿಷ್‌ನಲ್ಲಿ ಯುಕ್ಸಿ, ಕಾಕ್ಸಿ, ಕೊಲ್ಮೆ. ಎಸ್ಟೋನಿಯನ್‌ನಲ್ಲಿ ಯುಕ್ಸ್, ಕಾಕ್ಸ್, ಕೊಲ್ಮ್. ಅರ್ಥ ಆಯ್ತು ಅನ್ನಿಸುವಾಗಲೇ ಕಾಲು ಜಾರೋದು.

ಅದೇ ಚೌಕದ ಮೂಲೆಯಲ್ಲಿ ಒಂದು ಔಷಧಿ ಅಂಗಡಿ. 1422ರ ದಾಖಲೆಯಲ್ಲೇ ಅದರ ಹೆಸರಿದೆ, ಈಗಲೂ ವ್ಯಾಪಾರ ನಡೀತಿದೆ. ಅಪ್ಪ ಮೂವತ್ತೈದು ವರ್ಷ ಮೆಡಿಕಲ್ ಶಾಪ್ ನಡೆಸಿದವರು. ಒಳಗೆ ಹೋದವರು ಗಾಜಿನ ಕಪಾಟು, ಹಳೇ ಜಾಡಿಗಳ ಮುಂದೆ ನಿಂತೇಬಿಟ್ಟರು. ಬುರ್ಖಾರ್ಟ್ ಅಂತ ಒಂದೇ ಮನೆತನದವರು ಹತ್ತು ತಲೆಮಾರು, ಮುನ್ನೂರು ವರ್ಷಕ್ಕೂ ಜಾಸ್ತಿ ಈ ಅಂಗಡಿ ನಡೆಸಿದರಂತೆ ಅಂತ ಓದಿ ಹೇಳಿದೆ. ಹೇಳಿದ ಮೇಲೆ ಯಾಕಾದ್ರೂ ಹೇಳಿದೆನೋ ಅನ್ನಿಸಿತು. ನಾನು ಕಂಪ್ಯೂಟರ್ ಹಿಡಿದು ಇಲ್ಲಿಗೆ ಬಂದೆ. ನಮ್ಮ ಅಂಗಡಿಯನ್ನು ಎರಡು ವರ್ಷದ ಹಿಂದೆ ಬೇರೆಯವರಿಗೆ ಕೊಟ್ಟಾಯಿತು. ಅಪ್ಪ "ಹತ್ತಾ?" ಅಂದರು, ಅಷ್ಟೇ. ಆಮೇಲೆ ಕೌಂಟರಿಗೆ ಹೋಗಿ ಗಂಟಲು ನೋವಿನ ಮಾತ್ರೆ ಕೇಳಿದರು. ಅವರ ಗಂಟಲಿಗೆ ಏನೂ ಆಗಿರಲಿಲ್ಲ.

ಸಂಜೆ ಇಳಿದ ಜಾಗಕ್ಕೇ ವಾಪಸ್ ಬಂದೆವು. ಬೋರ್ಡಿನಲ್ಲಿ ನಮ್ಮ ಹಡಗಿನ ಹೆಸರೇ ಇಲ್ಲ. ಆಗ ತಲೆಗೆ ಹೊಳೆಯಿತು. ನಾವು ನಿಂತಿದ್ದು ಎ ಟರ್ಮಿನಲ್, ಹಡಗು ಹೊರಡೋದು ಡಿ ಟರ್ಮಿನಲ್. ನಡುವೆ ದೋಣಿ ನಿಲ್ಲಿಸುವ ಕೊಲ್ಲಿ, ಅದರ ಮೇಲೆ ನಡೆಯುವವರಿಗೆ ಒಂದು ಸೇತುವೆ. ನಾವು ಹೋಗುವ ಹೊತ್ತಿಗೇ ಯಾವುದೋ ಹಾಯಿದೋಣಿಗೆ ದಾರಿ ಬಿಡಲು ಅದು ಎದ್ದು ನಿಂತಿತ್ತು! ಹಡಗು ಹೊರಡುವ ಮುಂಚೆಯೇ ಗೇಟ್ ಮುಚ್ಚುತ್ತಾರೆ. ಸೇತುವೆ ಇಳಿದ ತಕ್ಷಣ ಅಮ್ಮ ನೆರಿಗೆ ಎತ್ತಿ ಹಿಡಿದು ನನಗಿಂತ ಮುಂದೆ ಹೋದರು, ಮಂಡಿನೋವು ಎಲ್ಲಿ ಹೋಗಿತ್ತೋ. ಹೋಗಿ ಬರೋಕೆ ಬೇರೆ ಬೇರೆ ಕಂಪನಿಯ ಟಿಕೆಟ್ ತಗೊಂಡರೆ ಯಾವ ಟರ್ಮಿನಲ್ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಹೆಲ್ಸಿಂಕಿಯಲ್ಲೂ ಅಷ್ಟೇ, ಹೊರಟಿದ್ದು ಒಂದು ಬಂದರಿನಿಂದ, ಇಳಿದಿದ್ದು ಪಶ್ಚಿಮ ಬಂದರಿನಲ್ಲಿ.

ವಾಪಸ್ ಬಂದ ಹಡಗಿನ ಹೆಸರು 'ಮೆಗಾಸ್ಟಾರ್'. 212 ಮೀಟರ್ ಉದ್ದ, 2,800 ಜನ ಹಿಡಿಸುತ್ತಾರೆ. "ಚಿರಂಜೀವಿದಾ?" ಅಂದರು ಅಪ್ಪ. ಸುತ್ತಲೂ ಫಿನ್ಲೆಂಡಿನವರು ಕೈಗಾಡಿಗಳಲ್ಲಿ ಬಿಯರ್ ಡಬ್ಬಿಗಳ ರಾಶಿ ಎಳೆದುಕೊಂಡು ಬರುತ್ತಿದ್ದರು. ಅಲ್ಲಿ ತೆರಿಗೆ ಕಮ್ಮಿ. ಅಮ್ಮ ಯಾರೋ ಮನೆ ಖಾಲಿ ಮಾಡ್ತಿದ್ದಾರೆ ಅಂದುಕೊಂಡಿದ್ದರು.

ಒಂಬತ್ತು ಗಂಟೆ ದಾಟಿದರೂ ಬಿಸಿಲಿತ್ತು. ಅಪ್ಪ ಕಿಟಕಿ ಪಕ್ಕ ಕೂತು ಜೇಬಿನಿಂದ ಆ ಮಾತ್ರೆ ಪೊಟ್ಟಣ ತೆಗೆದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಹಿಂದೆ ಮುಂದೆ ತಿರುಗಿಸಿ, ಎಕ್ಸ್‌ಪೈರಿ ಡೇಟ್ ಹುಡುಕಿದರು.

"ಹೊಸ ಸ್ಟಾಕೇ ಕೊಟ್ಟಿದ್ದಾನೆ" ಅಂದರು.