ನಾಲ್ಕು ಫೋಟೋದಲ್ಲಿ ಗಾಜಿನ ಬಳೆ: ಹಿನ್ನೆಲೆ ಬಿಡಿಸಿದ ನನ್ನ ಅನುಭವ

ಗಾಜಿನ ಬಳೆಯ ಹಿನ್ನೆಲೆ ತೆಗೆಯುವುದಕ್ಕೆ ಫೋಟೋಶಾಪಿನ ಪೆನ್ ಟೂಲೂ ಸಾಲದು, ಸೆಲೆಕ್ಟ್ ಸಬ್ಜೆಕ್ಟೂ ಸಾಲದು. ಅಂಚನ್ನು ಎಷ್ಟೇ ನೀಟಾಗಿ ಕತ್ತರಿಸಿದರೂ ಗಾಜಿನೊಳಗೆ ಹಳೆಯ ಹಿನ್ನೆಲೆ ಹಾಗೇ ಕೂತಿರುತ್ತದೆ. ಬೂದು ಬಟ್ಟೆಯ ಮುಂದೆ ತೆಗೆದ ಹಸಿರು ಬಳೆಯನ್ನು ಬಿಳಿಯ ಮೇಲಿಟ್ಟು ನೋಡಿ, ಕೆಸರು ನೀರಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಸೀರೆ ಕುಚ್ಚಿನ ಬಿಡಿ ಎಳೆ, ನೆಟ್ ದುಪಟ್ಟಾ, ಆರ್ಗಾಂಜಾ ಸೆರಗು, ಜೇನಿನ ಬಾಟಲಿ, ಎಲ್ಲದರದ್ದೂ ಇದೇ ಪಾಡು.

ಇವನ್ನೆಲ್ಲ ನಾನೀಗ ಕರಿ–ಬಿಳಿ ವಿಧಾನದಲ್ಲಿ ಬಿಡಿಸುತ್ತೇನೆ. ವಸ್ತು, ಕ್ಯಾಮೆರಾ, ದೀಪ ಯಾವುದೂ ಅಲುಗಬಾರದು. ಹಿಂದಿನ ಬೋರ್ಡು ಮಾತ್ರ ಬದಲಾಗಬೇಕು. ಬಿಳಿ ಬೋರ್ಡಿನ ಮುಂದೆ ಒಂದು ಫೋಟೋ, ಕರಿಯ ಮುಂದೆ ಒಂದು, ಆಮೇಲೆ ವಸ್ತು ತೆಗೆದು ಖಾಲಿ ಬಿಳಿ, ಖಾಲಿ ಕರಿ. ಬೋರ್ಡು ಬದಲಾದಾಗ ಒಂದು ಜಾಗ ಎಷ್ಟು ಬದಲಾಯಿತೋ ಅಷ್ಟು ಅದು ಪಾರದರ್ಶಕ, ಇದೇ ಲೆಕ್ಕ. ಇದು ನನ್ನದಲ್ಲ, ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕರಾದ ಆಲ್ವಿ ರೇ ಸ್ಮಿತ್ ಮತ್ತು ಜೇಮ್ಸ್ ಬ್ಲಿನ್ 1996ರಲ್ಲೇ ಪ್ರಕಟಿಸಿದ್ದು. ‘ಒಂದು ಬಳೆಗೆ ನಾಲ್ಕು ಫೋಟೋ ಯಾರು ತೆಗೆಯುತ್ತಾರೆ’ ಎಂದವರೇ ಜಾಸ್ತಿ. ಆದರೆ ಖಾಲಿ ಫೋಟೋ ಎರಡೂ ಒಂದು ಸೆಟಪ್ಪಿಗೆ ಒಮ್ಮೆ ಸಾಕು. 40 ಜೊತೆ ಬಳೆಗೆ ಬೇಕಾಗುವುದು 82 ಫೋಟೋ, 160 ಅಲ್ಲ.

ಮೊದಮೊದಲು ಖಾಲಿ ಫೋಟೋ ಇಲ್ಲದೆ ಎರಡರಲ್ಲೇ ಮುಗಿಸಲು ನೋಡಿದೆ. ಪಿಕ್ಸೆಲ್ಲಿನ ಅಂಕಿಯಲ್ಲಿ ಬಿಳಿ ಅಂದರೆ 255, ಕರಿ ಅಂದರೆ 0 ಎಂದು ಹಿಡಿದುಕೊಂಡರೆ ಲೆಕ್ಕ ಸುಲಭ. ಆದರೆ ಬೋರ್ಡಿನ ಮೂಲೆಯಲ್ಲಿ ಬೆಳಕು ಯಾವಾಗಲೂ ನಡುವಿಗಿಂತ ಕಮ್ಮಿ, ಲೆನ್ಸೂ ಮೂಲೆಯನ್ನು ಕಪ್ಪಾಗಿಸುತ್ತದೆ. ಹೀಗಾಗಿ ಮೂಲೆಯ ಖಾಲಿ ಜಾಗವೆಲ್ಲ ಶೇಕಡಾ 15–20ರಷ್ಟು ‘ವಸ್ತು’ ಎಂದು ಮಾಸ್ಕಿಗೆ (ಯಾವ ಭಾಗ ಎಷ್ಟು ಉಳಿಯಬೇಕು ಎಂದು ಹೇಳುವ ಕಪ್ಪು–ಬಿಳಿ ಚಿತ್ರ) ಬಂತು. ಲೆವೆಲ್ಸ್ (ಕಪ್ಪು, ಬಿಳಿಯ ಮಿತಿ ಹೊಂದಿಸುವ ಸಲಕರಣೆ) ಎಳೆದು ಅದನ್ನು ಅಳಿಸಿದರೆ ಕುಚ್ಚಿನ ತೆಳು ಎಳೆಗಳೂ ಅದರ ಜೊತೆ ಹೋಗುತ್ತವೆ. ಖಾಲಿ ಫೋಟೋದಿಂದ ಭಾಗಿಸಿದ ಕ್ಷಣಕ್ಕೆ ಈ ತೊಂದರೆ ಪೂರ್ತಿ ತೀರಿತು. ಬೆಳಕನ್ನು ಸಮ ಮಾಡಲು ಇನ್ನೆರಡು ದೀಪ ಕೊಳ್ಳುವ ಖರ್ಚೂ ಉಳಿಯಿತು.

ಬೋರ್ಡಿಗೆ 8×4 ಅಡಿಯ ಬಿಳಿ ಸನ್‌ಬೋರ್ಡನ್ನು (ಹಗುರ ಫೋಮ್ ಹಲಗೆ) 4×4 ಅಡಿ ಆಗುವಂತೆ ಅರ್ಧ ಕತ್ತರಿಸಿಕೊಳ್ಳಿ. ಕರಿಗೆ ಚಾರ್ಟ್ ಪೇಪರ್ ಬೇಡವೇ ಬೇಡ, ದೀಪ ಬಿದ್ದರೆ ಹೊಳೆಯುತ್ತದೆ. ಹತ್ತಿ ಬಟ್ಟೆಯೂ ಕ್ಯಾಮೆರಾ ಕಣ್ಣಿಗೆ ಬೂದು ಬಣ್ಣವೇ. ವೆಲ್ವೆಟ್ಟೇ ಸರಿ. ಒಂದೂವರೆ ಮೀಟರಿಗೆ ಮುನ್ನೂರು ಚಿಲ್ಲರೆ ಕೊಟ್ಟ ನೆನಪು. ಬೋರ್ಡು, ಬಟ್ಟೆ, ಕ್ಲಾಂಪು ಎಲ್ಲ ಸೇರಿ ಸಾವಿರದ ಐನೂರು ದಾಟಿರಲಿಕ್ಕಿಲ್ಲ. ಹೊರಗೆ ಮಾಸ್ಕಿಂಗಿಗೆ ಕೊಟ್ಟಾಗ ಒಂದು ನೆಟ್ ದುಪಟ್ಟಾಕ್ಕೆ ನೂರು–ನೂರೈವತ್ತು ಬೀಳುತ್ತಿತ್ತು, ಅದರಲ್ಲೂ ಮೂರಕ್ಕೊಂದು ರೀವರ್ಕ್.

ಅತಿ ಹೆಚ್ಚು ಫೋಟೋ ಹಾಳಾದದ್ದು ಜರಿಯಲ್ಲಿ. ಬಿಳಿ ಬೋರ್ಡು ವಸ್ತುವಿಗೆ ಒಂದಡಿ ದೂರದಲ್ಲಿದ್ದರೆ ಅದರ ಬೆಳಕು ಜರಿಯ ಮೇಲೆ ಬೀಳುತ್ತದೆ. ಕರಿ ಬೋರ್ಡಿಟ್ಟಾಗ ಆ ಬೆಳಕಿಲ್ಲ. ಎರಡು ಫೋಟೋದ ವ್ಯತ್ಯಾಸವನ್ನು ಲೆಕ್ಕವು ‘ಇಲ್ಲಿ ಹಿಂದಿನದು ಕಾಣುತ್ತಿದೆ’ ಎಂದೇ ಓದುತ್ತದೆ. ಜರಿ ಅಂಚು ಶೇಕಡಾ 8ರಷ್ಟು ಪಾರದರ್ಶಕವಾಗಿ, ಹೊಸ ಹಿನ್ನೆಲೆ ಅದರೊಳಗಿಂದ ಇಣುಕುತ್ತದೆ. ಬೋರ್ಡನ್ನು ಐದಡಿ ಹಿಂದೆ ಸರಿಸಿದರೆ ಇದು ಶೇಕಡಾ 1–2ಕ್ಕೆ ಇಳಿಯುತ್ತದೆ, ಉಳಿದದ್ದನ್ನು ಲೆವೆಲ್ಸಿನಲ್ಲಿ ಕತ್ತರಿಸಬಹುದು. ಕ್ಯಾಮೆರಾದಿಂದ ವಸ್ತುವಿಗೆ ಆರಡಿ, ಫ್ರೇಮಿನ ಅಗಲ ಎರಡಡಿ ಅಂದರೆ, ಐದಡಿ ಹಿಂದಿನ ಬೋರ್ಡು ಸುಮಾರು 3.7 ಅಡಿ ಅಗಲವಿದ್ದರೆ ಸಾಕು. ನಾಲ್ಕಡಿ ಹೇಳಿದ್ದು ಅದಕ್ಕೇ. ಅದಕ್ಕಿಂತ ದೊಡ್ಡದು ಬೇಡ; ಹೆಚ್ಚುವರಿ ಬಿಳಿ ಲೆನ್ಸಿಗೆ ನುಗ್ಗಿ ಎಳೆಗಳ ಕಾಂಟ್ರಾಸ್ಟ್ ತಿನ್ನುತ್ತದೆ. ಲೆನ್ಸ್ ಹುಡ್ ಕಡ್ಡಾಯ.

ಕ್ಯಾಮೆರಾದಲ್ಲಿ ಎಲ್ಲವೂ ಮ್ಯಾನ್ಯುಯಲ್: ಐಎಸ್‌ಒ 100, ಎಫ್ 11, ಅರ್ಧ ಸೆಕೆಂಡು ಆಸುಪಾಸು. ವೈಟ್ ಬ್ಯಾಲೆನ್ಸ್, ಫೋಕಸ್ ಎರಡೂ ಲಾಕ್. ಶಟರ್ ಇಷ್ಟು ನಿಧಾನವಾದರೆ ನಮ್ಮ 50 ಹರ್ಟ್ಸ್ ಕರೆಂಟಿನ ಮಿನುಗು ಸರಾಸರಿಯಾಗಿ ಹೋಗುತ್ತದೆ. ಬಿಳಿ ಬೋರ್ಡು 255 ಮುಟ್ಟಬಾರದು, 240ರ ಹತ್ತಿರ ನಿಲ್ಲಿಸಿ. ಕ್ಲಿಪ್ ಆದ (ಮಿತಿ ಮೀರಿ 255ಕ್ಕೇ ನಿಂತುಬಿಟ್ಟ) ಬಿಳಿಯಲ್ಲಿ ಲೆಕ್ಕವೇ ಇರುವುದಿಲ್ಲ. ಫ್ಯಾನ್ ಆರಿಸಿ, ಕುಚ್ಚು ನಿಂತಂತೆ ಕಂಡರೂ ಅರ್ಧ ನಿಮಿಷ ಕಾಯಿರಿ. ವೋಲ್ಟೇಜ್ ಏರಿಳಿದರೆ ಅಗ್ಗದ ಎಲ್‌ಇಡಿಯ ಬೆಳಕು ಒಂದು ಫೋಟೋದಿಂದ ಇನ್ನೊಂದಕ್ಕೆ ಶೇಕಡಾ 3ರಷ್ಟು ಹೆಚ್ಚುಕಮ್ಮಿ ಆಗುತ್ತದೆ. ಮೂಲೆಯಲ್ಲೊಂದು ಗ್ರೇ ಕಾರ್ಡಿನ ತುಂಡು ಸಿಕ್ಕಿಸಿಟ್ಟು, ಎಲ್ಲ ಫೋಟೋದಲ್ಲೂ ಅದು ಒಂದೇ ಅಂಕಿ ತೋರಿಸುವಂತೆ ಆಮೇಲೆ ಎಡಿಟಿಂಗಿನಲ್ಲಿ ಎಕ್ಸ್‌ಪೋಶರ್ ಸರಿಮಾಡಿಕೊಳ್ಳುತ್ತೇನೆ. ಬೋರ್ಡು ಬದಲಿಸುವಾಗ ಮೇಜು ಕಿಂಚಿತ್ತೂ ನಡುಗದ ಹಾಗೆ ಮಾಡಿಕೊಂಡ ಜೋಡಣೆ ಒಂದಿದೆ, ಅದನ್ನು ಇಲ್ಲಿ ವಿವರಿಸುವುದಿಲ್ಲ. ಅದಿಲ್ಲದೆಯೂ ಬೋರ್ಡಿನ ಸ್ಟ್ಯಾಂಡ್ ನೆಲದ ಮೇಲೆ, ಮೇಜಿಗೆ ತಾಗದಂತೆ ಇದ್ದರೆ ಕೆಲಸ ನಡೆಯುತ್ತದೆ.

ಜೆಪೆಗ್‌ನಲ್ಲಿ ಇದು ಆಗುವುದಿಲ್ಲ. 8×8ರ ಚೌಕಗಳು ಎಳೆಯ ಸುತ್ತ ಹುಳುಹುಳುವಾಗಿ ಮಾಸ್ಕಿಗೆ ಬರುತ್ತವೆ. ರಾ ಫೈಲನ್ನು (ಕ್ಯಾಮೆರಾ ತಿದ್ದದೆ ಉಳಿಸುವ ಫೈಲು) ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರಿನಲ್ಲಿ ತೆರೆದು, ಟೋನ್ ಕರ್ವ್ ಮಾಡುವ ಮಾಡ್ಯೂಲ್ ಏನಿದೆಯೋ ಎಲ್ಲ ಆರಿಸಿ, ಲೀನಿಯರ್ (ಅಂಕಿಯು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುವ) ಪ್ರೊಫೈಲಿನ 16 ಬಿಟ್ ಟಿಫ್ ತೆಗೆಯಿರಿ. ಅಲ್ಲಿಂದ ಗಿಂಪ್ 2.10 ಎಂಬ ಎಡಿಟಿಂಗ್ ಸಾಫ್ಟ್‌ವೇರಿಗೆ. ಇಮೇಜ್ ಮೆನುವಿನ ಪ್ರಿಸಿಷನ್‌ನಲ್ಲಿ 32 ಬಿಟ್ ಫ್ಲೋಟ್, ಲೀನಿಯರ್ ಲೈಟ್. ಕೆಳಗೆ ಬಿಳಿ ಫೋಟೋ, ಮೇಲೆ ಕರಿ ಫೋಟೋ, ಮೋಡ್ ಸಬ್‌ಟ್ರಾಕ್ಟ್, ನ್ಯೂ ಫ್ರಮ್ ವಿಸಿಬಲ್. ಖಾಲಿ ಜೋಡಿಗೂ ಹೀಗೇ. ಈಗ ವಸ್ತುವಿನ ವ್ಯತ್ಯಾಸ ಕೆಳಗೆ, ಖಾಲಿಯ ವ್ಯತ್ಯಾಸ ಮೇಲೆ, ಮೋಡ್ ಡಿವೈಡ್. ಬರುವ ಚಿತ್ರವನ್ನು ನಾನು ‘ಸೋಸು’ ಎಂದು ಕರೆಯುತ್ತೇನೆ: ಖಾಲಿ ಜಾಗ ಬಿಳಿ, ಗಟ್ಟಿ ವಸ್ತು ಕರಿ, ಬಳೆಯ ಗಾಜು ಬಳೆಯದೇ ಬಣ್ಣ.

ಬಣ್ಣವಿಲ್ಲದ ನೆಟ್, ಕುಚ್ಚುಗಳಿಗೆ ಸೋಸನ್ನು ಡಿಸ್ಯಾಚುರೇಟ್ ಮಾಡಿ ಲೀನಿಯರ್ ಇನ್ವರ್ಟ್ ಕೊಟ್ಟರೆ ಅದೇ ಮಾಸ್ಕು. ಮಾಮೂಲಿ ಇನ್ವರ್ಟ್ ಒತ್ತಿದರೆ ಅರೆಪಾರದರ್ಶಕ ಭಾಗವೆಲ್ಲ ತಪ್ಪುತ್ತದೆ. ಎರಡು ದಿನ ನುಂಗಿದ ತಪ್ಪು ಇದು. ಆ ಮಾಸ್ಕನ್ನು ಕರಿ ಫೋಟೋಗೆ ನೇರ ಹಾಕಿದರೆ ಎಳೆಗಳಿಗೆ ಕಪ್ಪು ಅಂಚು ಬರುತ್ತದೆ. ಮೊದಲು ಕರಿ ಫೋಟೋದ ಮೇಲೆ ಮಾಸ್ಕನ್ನೇ ಡಿವೈಡ್ ಮೋಡಿನಲ್ಲಿಟ್ಟು ಬಣ್ಣ ವಾಪಸ್ ಪಡೆದು, ಆಮೇಲೆ ಮಾಸ್ಕ್ ಹಾಕಬೇಕು. ಮಾಸ್ಕು ಸೊನ್ನೆಗೆ ಹತ್ತಿರವಿರುವ ಕಡೆ ಭಾಗಾಕಾರ ನಾಯ್ಸನ್ನು (ಫೋಟೋದ ಕಾಳುಕಾಳು) ಹತ್ತಾರು ಪಟ್ಟು ಹಿಗ್ಗಿಸುತ್ತದೆ. ಹಾಗಾಗಿ ಶೇಕಡಾ 1ಕ್ಕಿಂತ ಕೆಳಗಿನದನ್ನು ಕತ್ತರಿಸಿಬಿಡಿ.

ಹಸಿರು, ಕೆಂಪು ಬಳೆಗೆ ಈ ಮಾಸ್ಕ್ ಸಾಲದು. ಹಸಿರು ಗಾಜು ಹಸಿರನ್ನು ಹಾಯಲು ಬಿಟ್ಟು ಕೆಂಪನ್ನು ತಡೆಯುತ್ತದೆ; ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೇ ಮಾಸ್ಕ್ ಹಾಕಿದರೆ ಗಾಜು ಪ್ಲಾಸ್ಟಿಕ್ ಆಗುತ್ತದೆ. ಮಾಸ್ಕನ್ನೇ ಬಿಟ್ಟುಬಿಡಿ. ಹೊಸ ಹಿನ್ನೆಲೆ ಕೆಳಗೆ, ಅದರ ಮೇಲೆ ಬಣ್ಣದ ಸೋಸು ಮಲ್ಟಿಪ್ಲೈ ಮೋಡಿನಲ್ಲಿ, ಎಲ್ಲಕ್ಕಿಂತ ಮೇಲೆ ಕರಿ ಫೋಟೋ ಅಡಿಷನ್ ಮೋಡಿನಲ್ಲಿ. ವೆಲ್ವೆಟ್ಟಿನ ಚೂರು ಬೂದು ಉಳಿದಿದ್ದರೆ ಖಾಲಿ ಕರಿಯನ್ನು ಸೋಸಿನಿಂದ ಗುಣಿಸಿ, ಅದನ್ನು ಕರಿ ಫೋಟೋದಿಂದ ಕಳೆಯಿರಿ. ಲೆಗಸಿ ಗುಂಪಿನ ಮೋಡುಗಳನ್ನು ಮುಟ್ಟಬೇಡಿ, ಬ್ಲೆಂಡ್ ಸ್ಪೇಸ್ ಆರ್‌ಜಿಬಿ ಲೀನಿಯರ್ ಇದೆಯೇ ನೋಡಿಕೊಳ್ಳಿ. ಹೀಗೆ ಕೂಡಿಸಿದ ಬಳೆಯನ್ನು ನಿಜವಾಗಿ ಆ ಬಣ್ಣದ ಕಾಗದದ ಮುಂದೆ ತೆಗೆದ ಫೋಟೋ ಪಕ್ಕ ಇಟ್ಟು ತೋರಿಸಿದೆ. ಯಾವುದು ಎಡಿಟ್ ಎಂದು ಗುರುತಿಸಿದವರು ಯಾರೂ ಇಲ್ಲ.

ಬೋರ್ಡಿನ ಬದಲು 32 ಇಂಚಿನ ಟಿವಿಯಲ್ಲಿ ಕರಿ, ಬಿಳಿ ಪರದೆ ಬದಲಿಸುವ ಪ್ರಯೋಗವನ್ನೂ ಮಾಡಿದೆ. ಏನನ್ನೂ ಮುಟ್ಟಬೇಕಿಲ್ಲ, ಚಿಕ್ಕ ವಸ್ತುವಿಗೆ ಚೆನ್ನಾಗಿದೆ. ಆದರೆ ಪರದೆಯ ಬೆಳಕು ಪೋಲರೈಸ್ ಆಗಿರುತ್ತದೆ (ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ). ಲೆನ್ಸಿಗೆ ಸಿಪಿಎಲ್ (ಪೋಲರೈಸಿಂಗ್) ಫಿಲ್ಟರ್ ಇದ್ದರೆ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕಾಮನಬಿಲ್ಲಿನ ಪಟ್ಟೆ ಮೂಡುತ್ತದೆ, ಫಿಲ್ಟರ್ ಕಳಚಿಡಿ. ಪರದೆಯನ್ನು ಫೋಕಸಿನಿಂದ ಸಾಕಷ್ಟು ಹೊರಗಿಡದಿದ್ದರೆ ಪಿಕ್ಸೆಲ್ ಜಾಲರಿ ಅಲೆಅಲೆಯಾಗಿ ಬರುತ್ತದೆ. ಮೊಬೈಲಿನಲ್ಲಿ ಮಾಡುವುದಾದರೆ ಪ್ರೊ ಮೋಡಿನ ರಾ ಮಾತ್ರ. ಮಾಮೂಲಿ ಮೋಡು ಪ್ರತಿ ಫೋಟೋವನ್ನೂ ತನ್ನಿಷ್ಟದಂತೆ ತಿದ್ದುತ್ತದೆ. ಮನುಷ್ಯರ ಕೂದಲಿಗೆ ಈ ವಿಧಾನ ಹೊಂದುವುದಿಲ್ಲ, ಎರಡು ಫೋಟೋ ನಡುವೆ ಕೂದಲು ನಿಲ್ಲುವುದಿಲ್ಲ. ಅಲ್ಲಿ ಚಾನೆಲ್ ಮಾಸ್ಕೇ (ಕೆಂಪು, ಹಸಿರು, ನೀಲಿಯಲ್ಲಿ ಒಂದರಿಂದ ಮಾಡುವ ಮಾಸ್ಕು) ಗತಿ.

ಬಣ್ಣದ ಗಾಜನ್ನು ಪಿಎನ್‌ಜಿಯಲ್ಲಿ ಕೊಡಲು ಬರುವುದಿಲ್ಲ, ಅದಕ್ಕಿರುವುದು ಒಂದೇ ಆಲ್ಫಾ (ಪಾರದರ್ಶಕತೆಯ ಚಾನೆಲ್). ಆನ್‌ಲೈನ್ ಅಂಗಡಿಗೆ ಬೇಕಾದ ಅಪ್ಪಟ ಬಿಳಿ 255ರ ಮೇಲೆ ಕೂಡಿಸಿ ಜೆಪೆಗ್ ಕೊಡುತ್ತೇನೆ. ಸೋಸು ಮತ್ತು ಕರಿ ಫೋಟೋ ಎರಡನ್ನೂ 16 ಬಿಟ್ ಟಿಫ್ ಆಗಿ ಎತ್ತಿಡುತ್ತೇನೆ. 24 ಮೆಗಾಪಿಕ್ಸೆಲ್ಲಿಗೆ ತಲಾ 144 ಎಂಬಿ ಆಗುತ್ತದೆ. 40 ಜೊತೆಗೆ ಹನ್ನೊಂದೂವರೆ ಜಿಬಿ ಜಾಗ ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ, ಇಲ್ಲವೇ ವಸ್ತುವಿನ ಸುತ್ತ ಕ್ರಾಪ್ ಮಾಡಿ ಉಳಿಸಿ.