ತಲೆ ಮುಚ್ಚಿರಲಿ, ಮುಖ ಕಾಣಲಿ: ಆಧಾರ್ ಭಾವಚಿತ್ರಕ್ಕೆ ಸಿದ್ಧತೆ

ಆಧಾರ್ ಭಾವಚಿತ್ರವನ್ನು ಬದಲಿಸಲು ಹೊರಟವರು ಮೊದಲು ಸ್ಟುಡಿಯೊಗೆ ಹೋಗಿ ಹಣ ಕಳೆಯುವುದು ಬೇಡ. ಆಧಾರ್ ಕೇಂದ್ರದ ಕ್ಯಾಮೆರಾದಲ್ಲಿ ಸ್ಥಳದಲ್ಲೇ ತೆಗೆದ ಚಿತ್ರ ಮಾತ್ರ ಸಲ್ಲುತ್ತದೆ; ಮನೆಯಲ್ಲಿ ಕುಳಿತು ಮೊಬೈಲಿನಿಂದ ಬದಲಿಸಲು ಬರುವುದಿಲ್ಲ. 2025ರ ಅಕ್ಟೋಬರ್ 1ರಿಂದ ಇದರ ಶುಲ್ಕ 125 ರೂಪಾಯಿ.

ಕಲಬುರಗಿಯ ಬಿಸಿಲಿನಲ್ಲಿ ಸರದಿ ಹಿಡಿದು ನಿಂತವರ ಮುಖ ಬೆವರಿನಿಂದ ಹೊಳೆಯುತ್ತಿರುತ್ತದೆ. ಆದ್ದರಿಂದ ಒಳಗೆ ಹೋಗುವ ಮುನ್ನ ದಸ್ತಿಯಿಂದ ಮುಖ ಒರೆಸಿಕೊಳ್ಳಿ, ಹಣೆಗಿಳಿದ ಕೂದಲನ್ನು ಹಿಂದಕ್ಕೆ ಸರಿಸಿಕೊಳ್ಳಿ.

ಹೆಚ್ಚು ಗೊಂದಲವಿರುವುದು ತಲೆಯ ಉಡುಪಿನ ಬಗ್ಗೆ. ತಲೆ ಬರಿದಾಗಿರಬೇಕೆಂಬ ನಿಯಮವಿಲ್ಲ, ಮುಖ ಪೂರ್ತಿಯಾಗಿ ಕಾಣಬೇಕೆಂಬ ನಿಯಮವಿದೆ. ಬೀದರಿನ ಸಿಖ್ಖರು ಪಗಡಿಯನ್ನಾಗಲಿ, ನಮ್ಮ ಹಳ್ಳಿಯ ಹಿರಿಯರು ರುಮಾಲನ್ನಾಗಲಿ ಬಿಚ್ಚಬೇಕಾಗಿಲ್ಲ. ತಲೆಯ ಮೇಲೆ ಸೆರಗು ಹೊದ್ದವರು ಅದು ಹಣೆ, ಕೆನ್ನೆ, ಗದ್ದಗಳನ್ನು ಮರೆಮಾಡದಂತೆ ಹಿಂದಕ್ಕೆ ಸರಿಸಿಕೊಂಡರೆ ಸಾಕು. ಬುರ್ಖಾ ಧರಿಸಿದವರು ಮುಖದ ಪರದೆಯನ್ನು ಮಾತ್ರ ತೆಗೆಯಬೇಕು, ತಲೆವಸ್ತ್ರ ಹಾಗೆಯೇ ಇರಬಹುದು. ರುಮಾಲು ತೆಗೆಸಲು ಆಗ್ರಹಿಸುವುದು ನನ್ನ ದೃಷ್ಟಿಯಲ್ಲಿ ಅನಗತ್ಯ ಕಿರಿಕಿರಿ. ದಿನವೂ ರುಮಾಲಿನಲ್ಲೇ ಕಾಣುವ ಅಜ್ಜನನ್ನು ಗುರುತಿಸಲು ಅದೇ ಅನುಕೂಲ.

ನಿತ್ಯ ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಕೂರಬಹುದು. ಆದರೆ ಗಾಜು ತಿಳಿಯಾಗಿರಬೇಕು, ಅದರ ಮೇಲೆ ದೀಪದ ಬೆಳಕು ಪ್ರತಿಫಲಿಸಿ ಕಣ್ಣು ಮರೆಯಾಗಬಾರದು. ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡುವಾಗ ಮಾತ್ರ ಕನ್ನಡಕ ತೆಗೆಯಬೇಕು. ಚಿಕಿತ್ಸೆಗಾಗಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರಿಗೆ ವಿನಾಯಿತಿ ಇದೆ.

ಬಿಳಿ ಪರದೆಯ ಮುಂದೆ ನೆಟ್ಟಗೆ ಕುಳಿತು, ಬಾಯಿ ಮುಚ್ಚಿ, ಕಣ್ಣು ತೆರೆದು ನೇರವಾಗಿ ಕ್ಯಾಮೆರಾದತ್ತ ನೋಡಿ. ನಗು ಬೇಡ.

ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದಿಲ್ಲ, ಭಾವಚಿತ್ರ ಮಾತ್ರ ಸಾಕು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಆದರೆ ಚಿತ್ರದಲ್ಲಿ ತಾಯಿಯ ಮುಖ ಸೇರಬಾರದು. ಮಗುವಿಗೆ 5 ತುಂಬಿದ ಮೇಲೆ ಒಮ್ಮೆ, 15 ತುಂಬಿದ ಮೇಲೆ ಇನ್ನೊಮ್ಮೆ ಭಾವಚಿತ್ರ, ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಬೇಕು.

ಸಿಬ್ಬಂದಿ ಮುಂದಿನ ಹಂತಕ್ಕೆ ಹೋಗುವ ಮೊದಲು ಪರದೆಯ ಮೇಲಿನ ಚಿತ್ರವನ್ನು ತಪ್ಪದೆ ನೋಡಿ. ಕಣ್ಣು ಮುಚ್ಚಿದ್ದರೆ, ಅರ್ಧ ಮುಖ ನೆರಳಿನಲ್ಲಿದ್ದರೆ ಸಂಕೋಚ ಪಡದೆ ಮತ್ತೊಮ್ಮೆ ತೆಗೆಯಲು ಕೇಳಿ; ಮನೆಗೆ ಮರಳಿದ ಮೇಲೆ ಅದನ್ನು ಬದಲಿಸಬೇಕೆಂದರೆ ಮತ್ತೆ ಸರದಿ, ಮತ್ತೆ ಶುಲ್ಕ. ಸ್ವೀಕೃತಿ ಚೀಟಿಯನ್ನು ಪಡೆದೇ ಹೊರಬನ್ನಿ.