1908ರ ನ್ಯಾಷನಲ್ ಲೀಗ್ ಋತುವನ್ನು ಪಂದ್ಯ ಪಂದ್ಯವಾಗಿ ಮತ್ತೆ ಬರೆದದ್ದು

ಚಿಕಾಗೊ ಕಬ್ಸ್‌ಗೆ 99 ಗೆಲುವು, 55 ಸೋಲು. ನ್ಯೂಯಾರ್ಕ್ ಜೈಂಟ್ಸ್ ಮತ್ತು ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ತಲಾ 98 ಗೆಲುವು, 56 ಸೋಲು. ಬೇಸ್‌ಬಾಲ್ ಇತಿಹಾಸದ ಅತ್ಯಂತ ತುರುಸಿನ ಋತುಗಳಲ್ಲಿ ಒಂದಾದ 1908ರ ನ್ಯಾಷನಲ್ ಲೀಗ್‌ನ (ಅಮೆರಿಕದ ಎರಡು ಪ್ರಮುಖ ಬೇಸ್‌ಬಾಲ್ ಲೀಗ್‌ಗಳಲ್ಲಿ ಒಂದು) ಅಂತಿಮ ಪಟ್ಟಿ ಹೇಳುವುದು ಇಷ್ಟೇ. ಈ ಪಟ್ಟಿಯ ಹಿಂದಿರುವ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಆಟವನ್ನು ಆಗಿನ ಪತ್ರಿಕೆಗಳ ನೆರವಿನಿಂದ ದಿನದ ಲೆಕ್ಕದಲ್ಲಿ ಕಟ್ಟಿಕೊಳ್ಳಬೇಕೆಂಬ ಆಸೆ, ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆದು ರೂಢಿಯಿದ್ದ ನನಗೆ ಬಹಳ ಕಾಲದಿಂದ ಇತ್ತು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿರುವ ‘ನ್ಯೂಯಾರ್ಕ್ ಟ್ರಿಬ್ಯೂನ್’, ‘ದಿ ಸನ್’, ‘ಈವ್ನಿಂಗ್ ವರ್ಲ್ಡ್’ ಪತ್ರಿಕೆಗಳ ಪುಟಗಳನ್ನು ಆಧಾರವಾಗಿ ಇಟ್ಟುಕೊಂಡೆ. ಪ್ರತಿ ಪಂದ್ಯಕ್ಕೂ ತಾಳೆ ನೋಡಲು ಒಂದು ಸೂತ್ರವಿದೆ: ಒಂದು ತಂಡದಿಂದ ಬ್ಯಾಟ್ ಹಿಡಿದು ನಿಂತವರ ಒಟ್ಟು ಸರದಿಗಳು, ಆ ತಂಡದ ರನ್‌ಗಳು, ಬೇಸ್‌ಗಳ (ರನ್ ಗಳಿಸಲು ಓಟಗಾರ ಸರದಿಯಂತೆ ಮುಟ್ಟಬೇಕಾದ ನಿಲುಗಡೆಗಳ) ಮೇಲೆ ಉಳಿದುಹೋದವರು ಮತ್ತು ಎದುರಾಳಿಗಳು ಪಡೆದ ಪುಟ್‌ಔಟ್‌ಗಳು (ಅವರು ಮಾಡಿದ ಔಟ್‌ಗಳು), ಈ ಮೂರರ ಮೊತ್ತಕ್ಕೆ ಸಮವಾಗಬೇಕು. ಸಮವಾಗದಿದ್ದರೆ ಮುದ್ರಣದಲ್ಲಿ ಎಲ್ಲೋ ಅಂಕಿ ತಪ್ಪಿದೆ ಎಂದು ತಿಳಿದು, ಇನ್ನೊಂದು ಪತ್ರಿಕೆಯನ್ನು ತೆರೆಯುತ್ತಿದ್ದೆ.

ದಿನಾಂಕದ ಕ್ರಮವನ್ನು ಎಲ್ಲಿಯೂ ಮುರಿಯಬಾರದೆಂಬ ನಿಯಮವನ್ನು ನಾನೇ ಹಾಕಿಕೊಂಡಿದ್ದೆ. ಅದರ ಬೆಲೆ ಸೆಪ್ಟೆಂಬರ್‌ನಲ್ಲಿ ಗೊತ್ತಾಯಿತು. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಪೈರೇಟ್ಸ್ ತಂಡವು ಕಬ್ಸ್ ವಿರುದ್ಧ 10ನೇ ಇನಿಂಗ್ಸ್‌ನಲ್ಲಿ 1-0 ಅಂತರದಿಂದ ಗೆದ್ದಾಗ, ಮೊದಲನೇ ಬೇಸ್‌ನಲ್ಲಿದ್ದ ವಾರೆನ್ ಗಿಲ್ ಎರಡನೇ ಬೇಸ್ ಮುಟ್ಟದೆ ಹೊರಟುಹೋಗಿದ್ದರು. ಬ್ಯಾಟರ್ ಚೆಂಡು ಹೊಡೆದು ಮೊದಲನೇ ಬೇಸ್‌ಗೆ ಓಡಿದಾಗ ಅಲ್ಲಿದ್ದವರು ಎರಡನೇ ಬೇಸ್‌ಗೆ ಹೋಗಲೇಬೇಕು; ಹೋಗದೆ ಅವರು ಮೂರನೇ ಔಟ್ ಆದರೆ ಆ ಹೊಡೆತದ ರನ್ ಲೆಕ್ಕಕ್ಕೆ ಬರುವುದಿಲ್ಲ. ಕಬ್ಸ್‌ನ ಜಾನಿ ಎವರ್ಸ್ ಆಕ್ಷೇಪವೆತ್ತಿದರೂ ಅಂಪೈರ್ ಹ್ಯಾಂಕ್ ಓಡೇ ಒಪ್ಪಲಿಲ್ಲ. ಸೆಪ್ಟೆಂಬರ್ 23ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಜೈಂಟ್ಸ್ ಮತ್ತು ಕಬ್ಸ್ ಪಂದ್ಯ; ಅದೇ ಎವರ್ಸ್, ಅದೇ ಓಡೇ. ಸ್ಕೋರ್ 1-1, ಒಂಬತ್ತನೇ ಇನಿಂಗ್ಸ್‌ನ ಕೊನೆಯ ಭಾಗ, ಇಬ್ಬರು ಔಟ್. ಆಲ್ ಬ್ರಿಡ್‌ವೆಲ್ ಹೊಡೆದ ಚೆಂಡಿಗೆ ಮೂರನೇ ಬೇಸ್‌ನಿಂದ ಮೆಕ್‌ಕಾರ್ಮಿಕ್ ಓಡಿ ಬಂದರು. ಗೆದ್ದೆವೆಂದುಕೊಂಡು ಮೊದಲನೇ ಬೇಸ್‌ನಲ್ಲಿದ್ದ ಜೈಂಟ್ಸ್‌ನ 19 ವರ್ಷದ ಫ್ರೆಡ್ ಮರ್ಕಲ್ ಎರಡನೇ ಬೇಸ್ ಮುಟ್ಟದೆ ಮೈದಾನ ಬಿಟ್ಟರು. ಈ ಬಾರಿ ಓಡೇ ಔಟ್ ಕೊಟ್ಟರು. ರನ್ ಒಪ್ಪಿಕೊಂಡಿದ್ದರೆ ಕಬ್ಸ್‌ನ ಪುಟ್‌ಔಟ್‌ಗಳು 26ಕ್ಕೆ ನಿಲ್ಲುತ್ತಿದ್ದವು. ಔಟ್ ಕೊಟ್ಟದ್ದರಿಂದ 27 ಆಗುತ್ತವೆ, ರನ್ ಅಳಿಯುತ್ತದೆ, ಬ್ರಿಡ್‌ವೆಲ್ ಅವರ ಹಿಟ್ ಕೂಡ ಅಳಿಯುತ್ತದೆ. ಇಡೀ ವಿವಾದ ನನ್ನ ಹಾಳೆಯಲ್ಲಿ ಆ ಒಂದು ಅಂಕಿಯಾಗಿ ಕುಳಿತಿತು.

ಹೀಗೆ 1-1ಕ್ಕೆ ನಿಂತ ಪಂದ್ಯ ಟೈ ಎಂಬ ತೀರ್ಪನ್ನು ಲೀಗ್ ಅಧ್ಯಕ್ಷ ಹ್ಯಾರಿ ಪುಲಿಯಮ್ ಎತ್ತಿಹಿಡಿದರು. ಟೈ ಆದ ಪಂದ್ಯದಲ್ಲಿ ಆಟಗಾರರ ವೈಯಕ್ತಿಕ ಅಂಕಿಗಳು ಉಳಿಯುತ್ತವೆ, ಆದರೆ ತಂಡಗಳ ಸ್ಥಾನಪಟ್ಟಿಗೆ ಅದು ಸೇರುವುದಿಲ್ಲ. ಆದ್ದರಿಂದ ಇಂಥ ಪಂದ್ಯಗಳಿಗೆ ಬೇರೆಯೇ ಕಾಲಂ ಮಾಡಿದೆ.

ಜೈಂಟ್ಸ್ ಪ್ರಶಸ್ತಿ ಕಳೆದುಕೊಂಡದ್ದಕ್ಕೆ ಮರ್ಕಲ್ ಅವರನ್ನು ಜೀವಮಾನವಿಡೀ ಹಳಿದದ್ದು ಘೋರ ಅನ್ಯಾಯವೆಂದು ನಾನು ಖಚಿತವಾಗಿ ಹೇಳುತ್ತೇನೆ. ಸೆಪ್ಟೆಂಬರ್ 29, ಅಕ್ಟೋಬರ್ 1 ಮತ್ತು 3ರ ಸಾಲುಗಳನ್ನು ನೋಡಬೇಕು: ಫಿಲಡೆಲ್ಫಿಯಾದ ಯುವ ಪಿಚರ್ (ಚೆಂಡು ಎಸೆಯುವವರು) ಹ್ಯಾರಿ ಕೊವೆಲೆಸ್ಕಿ ಐದು ದಿನಗಳೊಳಗೆ ಜೈಂಟ್ಸ್ ತಂಡವನ್ನು ಮೂರು ಬಾರಿ ಸೋಲಿಸಿದರು. ಅವುಗಳಲ್ಲಿ ಎರಡನ್ನು ಗೆದ್ದಿದ್ದರೆ, ಆ ಟೈ ಪಂದ್ಯವನ್ನು ಮತ್ತೆ ಆಡಿದ ಅಕ್ಟೋಬರ್ 8ರ ಮರುಪಂದ್ಯದ ಅಗತ್ಯವೇ ಬೀಳುತ್ತಿರಲಿಲ್ಲ. ಆ ಮರುಪಂದ್ಯದಲ್ಲಿಯೂ ಆ ಋತುವಿನಲ್ಲಿ 37 ಗೆಲುವುಗಳ ಜೈಂಟ್ಸ್ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್ ಅವರ ಎದುರು ಕಬ್ಸ್ ಮೂರನೇ ಇನಿಂಗ್ಸ್‌ನಲ್ಲಿ ನಾಲ್ಕು ರನ್ ಗಳಿಸಿ, 4-2ರಿಂದ ಗೆದ್ದಿತು.

ಈಗ ಅದೇ ವರ್ಷದ ಇನ್ನೊಂದು ಲೀಗ್, ಅಮೆರಿಕನ್ ಲೀಗ್ ಹಿಡಿದಿದ್ದೇನೆ. ಡೆಟ್ರಾಯಿಟ್ 90-63, ಕ್ಲೀವ್‌ಲ್ಯಾಂಡ್ 90-64; ಮಳೆಯಿಂದ ನಿಂತುಹೋದ ಪಂದ್ಯವನ್ನು ಡೆಟ್ರಾಯಿಟ್ ಮತ್ತೆ ಆಡಬೇಕಾಗಿ ಬರಲಿಲ್ಲ. ಇಲ್ಲಿ ಟೈ ಪಂದ್ಯಗಳ ಜೊತೆಗೆ, ಆಡದೆ ಉಳಿದ ಪಂದ್ಯಗಳಿಗೂ ಒಂದು ಕಾಲಂ ಬೇಕಾಗಿದೆ.